ಬೆಳಕಿನ ವೈದ್ಯ ನೀಲ್ಸ್ ಫಿನ್ಸೆನ್

ರೋಗಕ್ಕೆ ಮದ್ದು ಇದ್ದರೆ ಸಾಲದು; ಆ ಮದ್ದು ರೋಗವಿರುವ ಎಡೆಯನ್ನು ಮುಟ್ಟಬೇಕು. ಮುಟ್ಟಿದ ಮೇಲೆ ತಕ್ಕ ಪ್ರಮಾಣದಲ್ಲಿ ಕೆಲಸ ಮಾಡಬೇಕು. ಸುತ್ತಲಿನ ಆರೋಗ್ಯವಾದ ಭಾಗಗಳಿಗೆ ಕೇಡನ್ನು ಉಂಟುಮಾಡಬಾರದು. ನಾವು ನುಂಗುವ ಗುಳಿಗೆಯಾಗಲಿ, ರಕ್ತನಾಳಕ್ಕೆ ಕೊಡುವ ಚುಚ್ಚುಮದ್ದಾಗಲಿ ಸಾಮಾನ್ಯವಾಗಿ ರಕ್ತದೊಡನೆ ಬೆರೆತು ಇಡೀ ದೇಹವನ್ನೇ ಸುತ್ತುತ್ತದೆ. ರೋಗವು ಒಂದು ಮೂಲೆಯಲ್ಲಿದ್ದರೂ ಮದ್ದಿನ ಉಗ್ರತೆಯನ್ನು ಎಲ್ಲ ಅಂಗಗಳೂ ಸಹಿಸಬೇಕಾಗುತ್ತದೆ. ಆದುದರಿಂದ ಇಂದಿನ ವಿಜ್ಞಾನಿಗಳು ಬೆಳಕು ಬಿದ್ದೆಡೆಯಲ್ಲಿ ಮಾತ್ರ ಎಚ್ಚತ್ತು ಕೆಲಸ ಮಾಡುವ ಔಷಧಗಳನ್ನು ಸಿದ್ಧಪಡಿಸಲು ಶ್ರಮಿಸುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೊಳಗೆ ಮದ್ದನ್ನು ತುಂಬಿ, ಬೆಳಕೆಂಬ ಬೀಗದಕೈಯಿಂದ ಅದನ್ನು ತೆರೆಯುವ ಪ್ರಯತ್ನವಿದು. ಇದು ಹೊಸ ವಿದ್ಯೆಯಾದರೂ ಇದರ ಹಿಂದಿರುವ ಪ್ರಶ್ನೆ ಹಳೆಯದು. ಬೆಳಕನ್ನು ಅಳೆದು, ಸೋಸಿ, ಬೇಕಾದ ಕಡೆಗೆ ಮಾತ್ರ ಹರಿಯಿಸಿ ರೋಗವನ್ನು ಗುಣಪಡಿಸಬಹುದೆಂದು ಮೊತ್ತಮೊದಲು ಜಗತ್ತಿಗೆ ತೋರಿಸಿಕೊಟ್ಟವನು ಡೆನ್ಮಾರ್ಕಿನ ವೈದ್ಯ ನೀಲ್ಸ್ ರೀಬರ್ಗ್ ಫಿನ್ಸೆನ್. ತಾನೇ ವಾಸಿಯಾಗದ ರೋಗಕ್ಕೆ ತುತ್ತಾಗಿದ್ದರೂ ನೂರಾರು ಜನರ ಮುಖಕ್ಕೆ ಮರಳಿ ಕಳೆ ತಂದ ಆತನ ಬಾಳು ಅರಿಯತಕ್ಕದ್ದು.

ಅಟ್ಲಾಂಟಿಕ್ ಸಾಗರದ ಉತ್ತರ ಭಾಗದಲ್ಲಿ ಫ್ಯಾರೋ ಎಂಬ ಹದಿನೆಂಟು ದ್ವೀಪಗಳ ಒಂದು ಸಮೂಹವಿದೆ. ಅದು ಡೆನ್ಮಾರ್ಕಿನ ಆಳ್ವಿಕೆಗೆ ಸೇರಿದುದು. ಅಲ್ಲಿನ ಮುಖ್ಯ ಪಟ್ಟಣವಾದ ಟೋರ್ಸ್‌ಹಾವ್ನ್‌ನಲ್ಲಿ 1860ನೆಯ ಇಸವಿ ಡಿಸೆಂಬರ್ 15ರಂದು ಫಿನ್ಸೆನ್ನನು ಜನಿಸಿದನು. ಆತನ ತಂದೆ ಹಾನೆಸ್ ಫಿನ್ಸೆನ್ ಐಸ್‌ಲೆಂಡಿನ ಮನೆತನಕ್ಕೆ ಸೇರಿದವನು. ಆ ದ್ವೀಪಗಳಲ್ಲಿ ಸರಕಾರದ ಉನ್ನತ ಅಧಿಕಾರಿಯಾಗಿದ್ದನು. ನೀಲ್ಸ್ ಇನ್ನೂ ನಾಲ್ಕು ವರ್ಷದ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡಳು.

ಆ ನಾಡಿನ ಹವೆಯನ್ನು ನಾವು ಊಹಿಸಿಕೊಳ್ಳುವುದು ಕಷ್ಟ. ನಮ್ಮಲ್ಲಿ ವರ್ಷದ ಯಾವ ಕಾಲದಲ್ಲೂ ಹಗಲು ಹನ್ನೊಂದು ತಾಸಿಗಿಂತ ಕಡಿಮೆಯಾಗುವುದಿಲ್ಲ. ಆದುದರಿಂದ ಸೂರ್ಯನ ಬೆಲೆ ನಮಗೆ ಅಷ್ಟಾಗಿ ತಿಳಿಯದು. ಬೇಸಗೆಯಲ್ಲಿ ನೆರಳನ್ನು ಹುಡುಕಿ ಓಡುವವರು ನಾವು. ಫ್ಯಾರೋ ದ್ವೀಪಗಳಲ್ಲಾದರೋ ಚಳಿಗಾಲದ ನಡುವಿನಲ್ಲಿ ಹಗಲು ಐದು ತಾಸುಗಳಷ್ಟೇ. ಆ ಐದು ತಾಸುಗಳಲ್ಲಿಯೂ ಮೋಡ, ಮಂಜು ಕವಿದಿರುವುದೇ ಹೆಚ್ಚು. ಬಿಸಿಲು ಕಂಡರೆ ಜನರು ಹಬ್ಬದಂತೆ ಹಿಗ್ಗುವ ನಾಡು ಅದು. ಇಂಥ ನಾಡಿನಲ್ಲಿ ಬೆಳೆದ ಬಾಲಕನ ಮನಸ್ಸು ಮುಂದೆ ಸೂರ್ಯನ ಬೆಳಕಿನ ಕಡೆಗೆ ಹರಿದುದರಲ್ಲಿ ಆಶ್ಚರ್ಯವಿಲ್ಲ.

ಶಾಲೆಯಲ್ಲಿ ಫಿನ್ಸೆನ್ನನು ಜಾಣನೆಂದು ಹೆಸರು ಪಡೆಯಲಿಲ್ಲ. ಮೊದಲು ಡೆನ್ಮಾರ್ಕಿನ ಹೆರ್ಲುಫ್ಸ್‌ಹೋಮ್ ಎಂಬ ಶಾಲೆಗೆ ತಂದೆ ಅವನನ್ನು ಕಳುಹಿಸಿದನು. ಹುಡುಗ ಒಳ್ಳೆಯವನು, ಆದರೆ ಓದಿನಲ್ಲಿ ಹಿಂದು ಎಂಬುದು ಅಲ್ಲಿನ ಉಪಾಧ್ಯಾಯರ ಅಭಿಪ್ರಾಯವಾಗಿತ್ತು. ಬಳಿಕ ಅವನು ಐಸ್‌ಲೆಂಡಿನ ರೇಕ್ಯವಿಕ್ ನಗರದ ಶಾಲೆಯನ್ನು ಸೇರಿ ಅಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿದನು. ತರಗತಿಯಲ್ಲಿ ಮುಂದಿನ ಸಾಲಿನವನಾಗದಿದ್ದರೂ ಕಂಡುದನ್ನು ತಾಳ್ಮೆಯಿಂದ ನೋಡುವ, ನೋಡಿದುದರ ಕಾರಣವನ್ನು ತನ್ನೊಳಗೇ ಕೇಳಿಕೊಳ್ಳುವ ಗುಣ ಅವನಲ್ಲಿ ಬೆಳೆದಿತ್ತು. ಪರೀಕ್ಷೆಯ ಅಂಕಗಳಲ್ಲಿ ಕಾಣಿಸಿಕೊಳ್ಳದ ಈ ಗುಣವೇ ಮುಂದೆ ಆತನನ್ನು ಕಾಪಾಡಿತು.

1882ರಲ್ಲಿ ಫಿನ್ಸೆನ್ನನು ವೈದ್ಯಶಾಸ್ತ್ರವನ್ನು ಓದಲು ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ನಿಗೆ ಬಂದನು. ಬಂದ ಒಂದೆರಡು ವರ್ಷಗಳಲ್ಲಿಯೇ ಆತನ ಆರೋಗ್ಯ ಕೆಡತೊಡಗಿತು. ಹೃದಯವನ್ನು ಸುತ್ತಿಕೊಂಡಿರುವ ಪೊರೆ, ಯಕೃತ್ತು ಹಾಗೂ ಗುಲ್ಮಗಳನ್ನು ಸುತ್ತಿಕೊಂಡಿರುವ ಪೊರೆ ಕ್ರಮಕ್ರಮವಾಗಿ ದಪ್ಪವಾಗಿ, ಆ ಅಂಗಗಳು ತಮ್ಮ ಕೆಲಸವನ್ನು ಮಾಡದಂತಾಗುವ ರೋಗವದು. ಹೊಟ್ಟೆಯಲ್ಲಿ ನೀರು ತುಂಬಿ ಜಲೋದರವಾಗುತ್ತಿತ್ತು; ನಾಲ್ಕು ಹೆಜ್ಜೆ ನಡೆದರೆ ಆಯಾಸವಾಗುತ್ತಿತ್ತು. ಆ ರೋಗಕ್ಕೆ ಆ ಕಾಲದಲ್ಲಿ ಮದ್ದಿರಲಿಲ್ಲ. ತಾನು ಬಹುಕಾಲ ಬದುಕುವವನಲ್ಲವೆಂಬುದು ವೈದ್ಯವಿದ್ಯಾರ್ಥಿಯಾದ ಅವನಿಗೆ ತಿಳಿಯದೆ ಇರಲಿಲ್ಲ.

ಆಗ ಅವನು ವಾಸವಾಗಿದ್ದ ಮನೆ ಉತ್ತರಕ್ಕೆ ಮುಖಮಾಡಿತ್ತು. ಕೋಣೆಯೊಳಗೆ ಬಿಸಿಲು ಬೀಳುತ್ತಿರಲಿಲ್ಲ. ರಕ್ತಹೀನತೆಯಿಂದಲೂ ದಣಿವಿನಿಂದಲೂ ಬಳಲುತ್ತಿದ್ದ ಫಿನ್ಸೆನ್ನನಿಗೆ ಬಿಸಿಲಿಗೆ ಮೈಯೊಡ್ಡಿದ ದಿನ ಹಾಯೆನಿಸುತ್ತಿತ್ತು. ಇದು ಕೇವಲ ಮನಸ್ಸಿನ ಭ್ರಮೆಯೋ ಅಥವಾ ಬೆಳಕಿಗೆ ನಿಜವಾಗಿಯೂ ದೇಹದ ಮೇಲೆ ಪ್ರಭಾವವಿದೆಯೋ ಎಂಬ ಪ್ರಶ್ನೆ ಅವನಲ್ಲಿ ಮೂಡಿತು. ಒಮ್ಮೆ ಎದುರು ಚಾವಣಿಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿದ್ದ ಬೆಕ್ಕೊಂದು ನೆರಳು ತನ್ನತ್ತ ಸರಿದಂತೆಲ್ಲ ತಾನೂ ಎದ್ದು ಬಿಸಿಲಿನ ಕಡೆಗೆ ಸರಿಯುತ್ತಿದ್ದುದನ್ನು ಅವನು ಬಹಳ ಹೊತ್ತು ನೋಡಿದನೆಂದು ಹೇಳುತ್ತಾರೆ. ಬೆಕ್ಕು ಬಿಸಿಲಿಗೆ ಮಲಗುವುದನ್ನು ಯಾರು ತಾನೆ ಕಂಡಿಲ್ಲ? ಆದರೆ ಅದರಿಂದ ಒಂದು ಪ್ರಶ್ನೆಯನ್ನು ಹೆಕ್ಕಿ ತೆಗೆದು ಅದರ ಬೆನ್ನುಹತ್ತಿದವರು ವಿರಳ.

1890ರಲ್ಲಿ ಫಿನ್ಸೆನ್ನನು ವೈದ್ಯ ಪದವಿಯನ್ನು ಪಡೆದನು. ಕೂಡಲೇ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಶರೀರರಚನಾಶಾಸ್ತ್ರದ ಪಾಠಕ್ಕಾಗಿ ದೇಹಗಳನ್ನು ಛೇದಿಸಿ ಸಿದ್ಧಪಡಿಸುವ ಹುದ್ದೆ ದೊರೆಯಿತು. 1892ರ ಕೊನೆಯಲ್ಲಿ ಇಂಗೆಬೋರ್ಗ್ ಬಾಲ್ಸ್‌ಲೆವ್ ಎಂಬವಳನ್ನು ವಿವಾಹವಾದನು. ಸಂಸಾರದ ಹೊಣೆ ಹೆಗಲಿಗೇರಿದ ಆ ಸಮಯದಲ್ಲಿ, ದೇಹದಲ್ಲಿ ಕಸುವಿಲ್ಲದ ಮನುಷ್ಯನು ಇದ್ದ ಕೆಲಸವನ್ನು ಭದ್ರವಾಗಿ ಹಿಡಿದುಕೊಳ್ಳುವುದೇ ಲೋಕರೂಢಿ. ಫಿನ್ಸೆನ್ನನು ಮರುವರ್ಷವೇ ಆ ಹುದ್ದೆಗೆ ರಾಜೀನಾಮೆಯಿತ್ತು ಬೆಳಕಿನ ಅಧ್ಯಯನಕ್ಕೆ ತನ್ನನ್ನು ಒಪ್ಪಿಸಿಕೊಂಡನು. ಇದ್ದ ಅಲ್ಪ ಶಕ್ತಿಯನ್ನು ಎರಡು ಕಡೆಗೆ ಹಂಚಲು ಅವನು ಒಪ್ಪಲಿಲ್ಲ.

ಬೆಳಕಿನ ವಿಷಯದಲ್ಲಿ ಅಂದು ತಿಳಿದಿದ್ದ ಸಂಗತಿಗಳನ್ನು ಇಲ್ಲಿ ನೆನೆಯಬೇಕು. ಸೂರ್ಯನ ಬಿಳಿಯ ಬೆಳಕು ಅಶ್ರಗದ ಮೂಲಕ ಹಾಯ್ದರೆ ಕೆಂಪಿನಿಂದ ನೇರಳೆಯವರೆಗಿನ ಬಣ್ಣಗಳಾಗಿ ಒಡೆಯುತ್ತದೆ. ಕೆಂಪಿನಿಂದಾಚೆ ಅವಕೆಂಪು ಕಿರಣಗಳೂ ನೇರಳೆಯಿಂದಾಚೆ ನೇರಳಾತೀತ ಕಿರಣಗಳೂ ಇವೆ. ಅವು ಕಣ್ಣಿಗೆ ಕಾಣುವುದಿಲ್ಲ. ನೀಲಿ, ನೇರಳೆ ಮತ್ತು ನೇರಳಾತೀತ ಕಿರಣಗಳು ಛಾಯಾಚಿತ್ರದ ಕಾಗದವನ್ನು ಬೇಗನೆ ಕಪ್ಪಾಗಿಸುತ್ತವೆ. ಹೀಗೆ ವಸ್ತುಗಳಲ್ಲಿ ರಾಸಾಯನಿಕ ಬದಲಾವಣೆಯನ್ನು ಉಂಟುಮಾಡುವುದರಿಂದ ಅವನ್ನು ರಾಸಾಯನಿಕ ಕಿರಣಗಳೆಂದು ಕರೆಯುತ್ತಿದ್ದರು. ಬಿಸಿಲಿನಲ್ಲಿ ರೋಗಾಣುಗಳು ಬೆಳೆಯಲಾರದೆ ಸಾಯುತ್ತವೆಂಬುದನ್ನು ಡೌನ್ಸ್ ಮತ್ತು ಬ್ಲಂಟ್ ಎಂಬ ಆಂಗ್ಲ ವಿಜ್ಞಾನಿಗಳು 1877ರಲ್ಲಿ ಕಂಡುಹಿಡಿದಿದ್ದರು. ಆದರೆ ಗಾಜಿನ ನಳಿಗೆಯೊಳಗಿನ ರೋಗಾಣುವನ್ನು ಕೊಲ್ಲುವುದು ಬೇರೆ. ಮನುಷ್ಯನ ಚರ್ಮದೊಳಗೆ ಹುದುಗಿರುವ ರೋಗಾಣುವನ್ನು ಕೊಲ್ಲುವುದು ಬೇರೆ.

ಚರ್ಮವನ್ನು ಕೆಂಪಾಗಿಸುವುದು ಬಿಸಿಲಿನ ಕಾವೇ ಅಥವಾ ಈ ರಾಸಾಯನಿಕ ಕಿರಣಗಳೇ? ಇದನ್ನು ಅರಿಯಲು ಫಿನ್ಸೆನ್ನನು ತನ್ನ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡನು. ತೋಳಿನ ಮೇಲೆ ಕಪ್ಪು ಮಸಿಯ ಪಟ್ಟಿಯೊಂದನ್ನು ಬಳಿದು ತೋಳನ್ನು ಬಿಸಿಲಿಗೆ ಒಡ್ಡಿದನು. ಕಪ್ಪು ಬಣ್ಣವು ಕಾವನ್ನು ಹೀರಿಕೊಳ್ಳುವುದರಿಂದ ಕಾವೇ ಕಾರಣವಾಗಿದ್ದರೆ ಪಟ್ಟಿಯ ಅಡಿಯ ಚರ್ಮವೇ ಹೆಚ್ಚು ಕೆಂಪಾಗಬೇಕಿತ್ತು. ಮಸಿಯನ್ನು ತೊಳೆದು ನೋಡಿದರೆ ಅದರ ಅಡಿಯ ಚರ್ಮ ಬೆಳ್ಳಗೆ ಉಳಿದಿತ್ತು. ಸುತ್ತಲಿನ ಚರ್ಮ ಕೆಂಪೇರಿ ಕೆಲವು ದಿನಗಳಲ್ಲಿ ಕಂದಾಯಿತು. ಚರ್ಮದ ಮೇಲೆ ಪರಿಣಾಮ ಬೀರುವುದು ಕಾವಲ್ಲ, ರಾಸಾಯನಿಕ ಕಿರಣಗಳೇ ಎಂಬುದು ಈ ಸರಳವಾದ ಪ್ರಯೋಗದಿಂದ ಸ್ಪಷ್ಟವಾಯಿತು. ಎರೆಹುಳು ಮೊದಲಾದ ಜೀವಿಗಳ ಮೇಲೆ ಬೇರೆ ಬೇರೆ ಬಣ್ಣದ ಬೆಳಕನ್ನು ಬೀಳಿಸಿ ಅವುಗಳ ವರ್ತನೆಯನ್ನೂ ಅವನು ಪರೀಕ್ಷಿಸಿದನು.

ಬೆಳಕು ದೇಹಕ್ಕೆ ಹಾನಿಮಾಡಬಲ್ಲುದಾದರೆ ಕೆಲವು ರೋಗಿಗಳಿಗೆ ಅದನ್ನು ತಡೆಯುವುದೇ ಒಳಿತಲ್ಲವೆ? ಹೀಗೆ ಯೋಚಿಸಿದ ಫಿನ್ಸೆನ್ನನು 1893ರಲ್ಲಿ ಸಿಡುಬಿನ ರೋಗಿಗಳನ್ನು ಕೆಂಪು ಪರದೆಗಳಿರುವ ಕೋಣೆಯಲ್ಲಿ ಮಲಗಿಸಬೇಕೆಂದು ಸಲಹೆಯಿತ್ತನು. ರಾಸಾಯನಿಕ ಕಿರಣಗಳು ತಾಗದಿದ್ದರೆ ಗುಳ್ಳೆಗಳು ಕೀವುಗಟ್ಟಿ ಕಲೆ ಉಳಿಯುವುದು ತಪ್ಪೀತೆಂಬುದು ಅವನ ಎಣಿಕೆಯಾಗಿತ್ತು. ನಾರ್ವೆ ದೇಶದ ವೈದ್ಯರು ಇದನ್ನು ಪ್ರಯೋಗಿಸಿ ನೋಡಿದರು. ಫಿನ್ಸೆನ್ನನ ಹೆಸರು ಹೊರಗೆ ಹಬ್ಬಿತು. ಮುಂದಿನ ಕಾಲದ ವೈದ್ಯಶಾಸ್ತ್ರವು ಈ ಚಿಕಿತ್ಸೆಯನ್ನು ಉಳಿಸಿಕೊಳ್ಳಲಿಲ್ಲ. ಸಿಡುಬನ್ನು ನಿರ್ಮೂಲ ಮಾಡಿದುದು ಲಸಿಕೆಯೇ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ರೋಗವು ಭೂಮಿಯಿಂದ ತೊಲಗಿತೆಂದು ಸಾರಿತು. ಆದರೂ ಒಂದೇ ಬೆಳಕಿನಲ್ಲಿ ಬೇಕಾದ ಕಿರಣ, ಬೇಡವಾದ ಕಿರಣ ಎಂದು ವಿಂಗಡಿಸುವ ದೃಷ್ಟಿ ಫಿನ್ಸೆನ್ನನಲ್ಲಿ ಇಲ್ಲಿಂದಲೇ ಗಟ್ಟಿಯಾಯಿತು.

ಇನ್ನು ಆತನ ಜೀವನದ ಮಹಾಕಾರ್ಯಕ್ಕೆ ಬರೋಣ. ಅಂದಿನ ಯೂರೋಪಿನಲ್ಲಿ ಲೂಪಸ್ ವಲ್ಗಾರಿಸ್ ಎಂಬ ಘೋರವಾದ ಚರ್ಮರೋಗವಿತ್ತು. ಶ್ವಾಸಕೋಶಗಳನ್ನು ತಿನ್ನುವ ಕ್ಷಯದ ರೋಗಾಣುವೇ ಚರ್ಮದಲ್ಲಿ ನೆಲೆಸಿ ಈ ರೋಗವನ್ನು ಉಂಟುಮಾಡುತ್ತದೆ. ಅದು ಬಹುಮಟ್ಟಿಗೆ ಮುಖದಲ್ಲಿಯೇ ಕಾಣಿಸಿಕೊಂಡು ವರ್ಷಗಳ ಕಾಲ ಮೆಲ್ಲಮೆಲ್ಲನೆ ಹರಡಿ ಮೂಗು, ತುಟಿ, ಕೆನ್ನೆಗಳನ್ನು ತಿಂದುಹಾಕುತ್ತಿತ್ತು. ರೋಗಿ ಬೇಗನೆ ಸಾಯುತ್ತಿರಲಿಲ್ಲ. ಆದರೆ ಬದುಕುವುದು ಸಾವಿಗಿಂತ ಕಷ್ಟವಾಗುತ್ತಿತ್ತು. ಜನ ಅವರನ್ನು ಕಂಡು ಮುಖ ತಿರುಗಿಸುತ್ತಿದ್ದರು. ಕೆಲಸ ಕೊಡುವವರಿರಲಿಲ್ಲ, ಅವರು ಮುಖವನ್ನು ಬಟ್ಟೆಯಿಂದ ಮುಚ್ಚಿಕೊಂಡು ಮನೆಯ ಮೂಲೆಯನ್ನು ಸೇರುತ್ತಿದ್ದರು. ವೈದ್ಯರು ಹುಣ್ಣನ್ನು ಕೆರೆದು ತೆಗೆಯುತ್ತಿದ್ದರು, ಸುಡುತ್ತಿದ್ದರು, ಕೊಯ್ಯುತ್ತಿದ್ದರು. ಇದರಿಂದ ರೋಗದ ಜೊತೆಗೆ ಒಳ್ಳೆಯ ಚರ್ಮವೂ ನಾಶವಾಗುತ್ತಿತ್ತು; ರೋಗ ಮಾತ್ರ ಮತ್ತೆ ಮರುಕಳಿಸುತ್ತಿತ್ತು.

ನೀಲ್ಸ್ ಮೊಗೆನ್ಸನ್ ಎಂಬ ಇಂಜಿನಿಯರನು ಹಲವು ವರ್ಷಗಳಿಂದ ಈ ರೋಗದಿಂದ ನರಳುತ್ತಿದ್ದನು. ಎಲ್ಲ ಚಿಕಿತ್ಸೆಗಳೂ ಅವನಲ್ಲಿ ವಿಫಲವಾಗಿದ್ದವು. 1895ರ ನವೆಂಬರ್ ತಿಂಗಳಲ್ಲಿ ಫಿನ್ಸೆನ್ನನು ಕೋಪನ್‌ಹೇಗನ್ನಿನ ವಿದ್ಯುದಾಗಾರದಲ್ಲಿ ಅವನಿಗೆ ಬೆಳಕಿನ ಚಿಕಿತ್ಸೆಯನ್ನು ಆರಂಭಿಸಿದನು. ಆಸ್ಪತ್ರೆಯನ್ನು ಬಿಟ್ಟು ವಿದ್ಯುದಾಗಾರವೇಕೆ ಎಂದು ಕೇಳಬಹುದು. ಉತ್ತರದ ಚಳಿಗಾಲದಲ್ಲಿ ಸೂರ್ಯನನ್ನು ನಂಬುವಂತಿರಲಿಲ್ಲ. ಪ್ರಬಲವಾದ ಆರ್ಕ್ ದೀಪಕ್ಕೆ ಬೇಕಾದ ವಿದ್ಯುತ್ತು ದೊರೆಯುತ್ತಿದ್ದುದು ಅಲ್ಲಿಯೇ. ಎರಡು ಇಂಗಾಲದ ಕಡ್ಡಿಗಳ ತುದಿಗಳ ನಡುವೆ ವಿದ್ಯುತ್ತನ್ನು ಹಾಯಿಸಿದಾಗ ಕಣ್ಣು ಕೋರೈಸುವ ಬೆಳಕು ಹೊಮ್ಮುತ್ತದೆ. ಅದರಲ್ಲಿ ರಾಸಾಯನಿಕ ಕಿರಣಗಳು ಹೇರಳವಾಗಿರುತ್ತವೆ. ದಿನದಿನವೂ ಆ ಬೆಳಕನ್ನು ಮುಖದ ಹುಣ್ಣಿನ ಮೇಲೆ ಬೀಳಿಸುತ್ತ ಬಂದಂತೆ ಹುಣ್ಣು ಒಣಗತೊಡಗಿತು. ಕೆಲವು ತಿಂಗಳುಗಳಲ್ಲಿ ಯಾರಾದರೂ ಗುರುತಿಸುವಷ್ಟು ಗುಣ ಕಂಡುಬಂದಿತು.

ಇದು ಹೇಳುವಷ್ಟು ಸುಲಭದ ಕೆಲಸವಾಗಿರಲಿಲ್ಲ. ಫಿನ್ಸೆನ್ನನ ಮುಂದೆ ಎರಡು ತೊಡಕುಗಳಿದ್ದವು. ಮೊದಲನೆಯದು ಕಾವು. ಬೆಳಕನ್ನು ಮಸೂರದಿಂದ ಒಂದೆಡೆ ಕೂಡಿಸಿದರೆ ಕಾವೂ ಕೂಡಿ ಚರ್ಮ ಸುಟ್ಟುಹೋಗುತ್ತದೆ. ಆದುದರಿಂದ ಅವನು ಸೂರ್ಯನ ಬೆಳಕನ್ನು ಬಳಸುವಾಗ ಟೊಳ್ಳಾದ ಮಸೂರದೊಳಗೆ ಮೈಲುತುತ್ತದ ನೀಲಿ ದ್ರಾವಣವನ್ನು ತುಂಬಿದನು. ಅದು ಕಾವಿನ ಕಿರಣಗಳನ್ನು ತಡೆದು ನೀಲಿ, ನೇರಳೆ ಕಿರಣಗಳನ್ನು ಮಾತ್ರ ಮುಂದಕ್ಕೆ ಬಿಡುತ್ತಿತ್ತು. ಆರ್ಕ್ ದೀಪಕ್ಕೆ ಮಸೂರಗಳಿರುವ ಉದ್ದವಾದ ಕೊಳವೆಗಳನ್ನು ಜೋಡಿಸಿ ಅವುಗಳಲ್ಲಿ ನೀರನ್ನು ತುಂಬಿ ಕಾವನ್ನು ತಗ್ಗಿಸಿದನು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಚರ್ಮದಲ್ಲಿ ಹರಿಯುವ ರಕ್ತವೇ ನೀಲಿ, ನೇರಳೆ ಕಿರಣಗಳನ್ನು ಹೀರಿಕೊಂಡು ಒಳಗೆ ಹೋಗದಂತೆ ತಡೆಯುತ್ತದೆ. ಇದನ್ನು ಫಿನ್ಸೆನ್ನನು ಸೊಗಸಾದ ಪ್ರಯೋಗವೊಂದರಿಂದ ತೋರಿಸಿದನು. ಕಿವಿಯ ಹಾಲೆಯ ಹಿಂದೆ ಛಾಯಾಚಿತ್ರದ ಕಾಗದವನ್ನಿಟ್ಟು ಮುಂದಿನಿಂದ ನೀಲಿ, ನೇರಳೆ ಬೆಳಕನ್ನು ಬೀಳಿಸಿದಾಗ ಕೆಲವು ನಿಮಿಷ ಕಳೆದರೂ ಕಾಗದ ಕಪ್ಪಾಗಲಿಲ್ಲ. ಕಿವಿಯನ್ನು ಎರಡು ಗಾಜುಗಳ ನಡುವೆ ಒತ್ತಿ ರಕ್ತವನ್ನು ಹೊರದೂಡಿ ಬೆಳಕು ಬಿಟ್ಟಾಗ ಕೆಲವೇ ಸೆಕೆಂಡುಗಳಲ್ಲಿ ಕಾಗದ ಕಪ್ಪಾಯಿತು. ರಕ್ತವನ್ನು ಸರಿಸಿದರೆ ಬೆಳಕಿಗೆ ದಾರಿ ತೆರೆಯುತ್ತದೆಂಬುದು ಇದರಿಂದ ತಿಳಿಯಿತು. ಆದುದರಿಂದ ಅವನು ಶುದ್ಧ ಸ್ಫಟಿಕದ ಟೊಳ್ಳು ಬಿಲ್ಲೆಯೊಂದನ್ನು ಮಾಡಿಸಿ, ಅದರೊಳಗೆ ತಣ್ಣೀರು ಹರಿಯುವಂತೆ ಏರ್ಪಡಿಸಿದನು. ದಾದಿಯು ಆ ಬಿಲ್ಲೆಯನ್ನು ಹುಣ್ಣಿನ ಮೇಲೆ ಒತ್ತಿ ಹಿಡಿದರೆ ರಕ್ತ ಸರಿಯುತ್ತಿತ್ತು, ಚರ್ಮ ತಂಪಾಗಿರುತ್ತಿತ್ತು, ಬೆಳಕು ಒಳಕ್ಕೆ ಇಳಿಯುತ್ತಿತ್ತು. ಒಂದು ಬಾರಿಗೆ ರೂಪಾಯಿ ನಾಣ್ಯಕ್ಕಿಂತ ದೊಡ್ಡದಲ್ಲದ ಜಾಗಕ್ಕೆ ಮಾತ್ರ ಚಿಕಿತ್ಸೆ. ಅದಕ್ಕೆ ಒಂದು ತಾಸಿಗೂ ಹೆಚ್ಚು ಹೊತ್ತು ಬೇಕು. ಒಂದು ಮುಖವನ್ನು ಗುಣಪಡಿಸಲು ತಿಂಗಳುಗಟ್ಟಲೆ ದುಡಿಯಬೇಕು. ರೋಗಿಗೂ ದಾದಿಗೂ ವೈದ್ಯನಿಗೂ ಸಮನಾದ ತಾಳ್ಮೆ ಬೇಕಾಗಿದ್ದ ಚಿಕಿತ್ಸೆ ಅದು.

1896ರಲ್ಲಿ ಕೋಪನ್‌ಹೇಗನ್ನಿನಲ್ಲಿ ಫಿನ್ಸೆನ್ ಬೆಳಕಿನ ಸಂಸ್ಥೆ ಸ್ಥಾಪಿತವಾಯಿತು. ಉದಾರಿಗಳಾದ ಶ್ರೀಮಂತರೂ ಸರಕಾರವೂ ಅದಕ್ಕೆ ನೆರವಾದರು. ಒಂದೊಂದು ದೀಪಕ್ಕೂ ನಾಲ್ಕು ಕೊಳವೆಗಳು. ಒಂದೊಂದು ಕೊಳವೆಯ ಕೆಳಗೂ ಒಬ್ಬ ರೋಗಿ, ಪಕ್ಕದಲ್ಲಿ ಒಬ್ಬ ದಾದಿ. ಬಿಳಿಯ ಉಡುಪಿನ ದಾದಿಯರು ಬಿಲ್ಲೆಯನ್ನು ಹಿಡಿದು ಅಲುಗದೆ ಕುಳಿತಿರುತ್ತಿದ್ದರು. ಮುಸುಕು ಹಾಕಿಕೊಂಡು ಬಂದ ಎಷ್ಟೋ ಜನರು ಮುಸುಕನ್ನು ತೆಗೆದು ಮನೆಗೆ ಹೋದರು. ಮೊದಲ ಐದಾರು ವರ್ಷಗಳಲ್ಲಿಯೇ ಎಂಟುನೂರು ಮಂದಿ ಲೂಪಸ್ ರೋಗಿಗಳು ಅಲ್ಲಿ ಚಿಕಿತ್ಸೆ ಪಡೆದರು. ಅವರಲ್ಲಿ ಬಹುಪಾಲು ಜನರಿಗೆ ಗುಣವಾಯಿತು. ಡೆನ್ಮಾರ್ಕಿನ ರಾಜಕುಮಾರಿಯಾಗಿದ್ದು ಇಂಗ್ಲೆಂಡಿನ ರಾಜಮನೆತನವನ್ನು ಸೇರಿದ್ದ ಅಲೆಕ್ಸಾಂಡ್ರಾ 1900ರಲ್ಲಿ ಲಂಡನ್ನಿನ ಆಸ್ಪತ್ರೆಗೆ ಫಿನ್ಸೆನ್ ದೀಪವನ್ನು ಕೊಡಿಸಿದಳು. ಬೇರೆ ದೇಶಗಳಲ್ಲಿಯೂ ಅಂಥ ದೀಪಗಳು ಬೆಳಗತೊಡಗಿದವು.

1903ರಲ್ಲಿ ಫಿನ್ಸೆನ್ನನಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಿಕ ದೊರೆಯಿತು. ಅದರ ಹಿಂದಿನ ವರ್ಷ ಆ ಗೌರವ ಸಂದದ್ದು ಮಲೇರಿಯಾ ಹರಡುವ ಬಗೆಯನ್ನು ನಮ್ಮ ದೇಶದ ಸಿಕಂದರಾಬಾದಿನಲ್ಲಿ ದುಡಿದು ಕಂಡುಹಿಡಿದ ರೊನಾಲ್ಡ್ ರಾಸ್‌ನಿಗೆ. ಡೆನ್ಮಾರ್ಕಿಗೆ ನೊಬೆಲ್ ಪಾರಿತೋಷಿಕವನ್ನು ಮೊದಲು ತಂದವನು ಫಿನ್ಸೆನ್ನನೇ. ಆದರೆ ಆ ವೇಳೆಗೆ ಆತನು ಗಾಲಿಕುರ್ಚಿಯನ್ನು ಹಿಡಿದಿದ್ದನು. ಸ್ಟಾಕ್‌ಹೋಮಿಗೆ ಹೋಗಿ ಪಾರಿತೋಷಿಕವನ್ನು ಕೈಯಾರೆ ಪಡೆಯುವ ಭಾಗ್ಯ ಅವನಿಗಿರಲಿಲ್ಲ. ಬಂದ ಹಣದಲ್ಲಿ ಗಣನೀಯವಾದ ಭಾಗವನ್ನು ಅವನು ತನ್ನ ಸಂಸ್ಥೆಗೆ ದಾನಮಾಡಿದನು.

ಕೊನೆಯ ದಿನಗಳಲ್ಲಿಯೂ ಆತನ ಬುದ್ಧಿ ವಿರಮಿಸಲಿಲ್ಲ. ತಾನು ಕುಡಿಯುವ ನೀರು, ತಿನ್ನುವ ಆಹಾರ, ದೇಹದ ತೂಕ ಇವನ್ನೆಲ್ಲ ದಿನವೂ ಅಳೆದು ಬರೆದಿಡುತ್ತಿದ್ದನು. ದೇಹದಲ್ಲಿ ಉಪ್ಪು ಸಂಗ್ರಹವಾಗುವುದಕ್ಕೂ ನೀರು ತುಂಬಿಕೊಳ್ಳುವುದಕ್ಕೂ ಸಂಬಂಧವಿದೆಯೆಂದು ಕಂಡುಕೊಂಡು ಉಪ್ಪನ್ನು ಬಹಳ ಮಟ್ಟಿಗೆ ತ್ಯಜಿಸಿದನು; 1904ರಲ್ಲಿ ಆ ವಿಷಯವಾಗಿ ಲೇಖನವನ್ನೂ ಪ್ರಕಟಿಸಿದನು. ತನ್ನ ನೋವನ್ನೂ ಜ್ಞಾನಕ್ಕೆ ಸಾಧನವಾಗಿ ಮಾಡಿಕೊಂಡವನು ಆತನು. ಅದೇ ವರ್ಷ ಸೆಪ್ಟೆಂಬರ್ 24ರಂದು ಫಿನ್ಸೆನ್ನನು ಕಣ್ಮುಚ್ಚಿದನು. ಆಗ ಆತನಿಗೆ 43 ವರ್ಷ. ಐದು ವರ್ಷಗಳ ಬಳಿಕ ಕೋಪನ್‌ಹೇಗನ್ನಿನಲ್ಲಿ ಆತನ ನೆನಪಿಗಾಗಿ, ಬೆಳಕಿನತ್ತ ಕೈಚಾಚುತ್ತಿರುವ ಮಾನವಾಕೃತಿಗಳ ಶಿಲ್ಪವನ್ನು ನಿಲ್ಲಿಸಿದರು.

ಫಿನ್ಸೆನ್ನನ ದೀಪಗಳು ಈಗ ವಸ್ತುಸಂಗ್ರಹಾಲಯಗಳನ್ನು ಸೇರಿವೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಮೊದಲಾದ ಕ್ಷಯನಿವಾರಕ ಔಷಧಗಳು ಬಂದ ಮೇಲೆ ಅವುಗಳ ಅಗತ್ಯ ಉಳಿಯಲಿಲ್ಲ. ಆದರೆ ಆತನು ಹಿಡಿದ ದಾರಿ ಮುಚ್ಚಲಿಲ್ಲ. ಹುಟ್ಟಿದ ಕೂಸಿಗೆ ಕಾಮಾಲೆಯಾದರೆ ಇಂದು ನಮ್ಮ ಊರುಗಳ ಆಸ್ಪತ್ರೆಗಳಲ್ಲಿಯೂ ಅದನ್ನು ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರೆ. ಮೈ ಹಳದಿಯಾಗಲು ಕಾರಣವಾದ ವಸ್ತುವನ್ನು ಆ ಬೆಳಕು ಸುಲಭವಾಗಿ ಹೊರಹೋಗುವ ರೂಪಕ್ಕೆ ತರುತ್ತದೆ. ಈ ಚಿಕಿತ್ಸೆ ಇಂಗ್ಲೆಂಡಿನಲ್ಲಿ 1950ರ ದಶಕದಲ್ಲಿ ಬೆಳೆದುಬಂದಿತು.

ಫಿನ್ಸೆನ್ನನು ಬದುಕಿದ್ದಾಗಲೇ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಇನ್ನೊಂದು ಶೋಧ ನಡೆದಿತ್ತು. ಆಸ್ಕರ್ ರಾಬ್ ಎಂಬ ವೈದ್ಯವಿದ್ಯಾರ್ಥಿಯು ತನ್ನ ಗುರು ಫಾನ್ ಟಾಪೈನರನ ಪ್ರಯೋಗಶಾಲೆಯಲ್ಲಿ ಏಕಕೋಶಜೀವಿಗಳಿರುವ ನೀರಿಗೆ ಅಕ್ರಿಡಿನ್ ಎಂಬ ವಸ್ತುವನ್ನು ಬೆರೆಸಿದನು. ಕತ್ತಲೆಯಲ್ಲಿ ಆ ಜೀವಿಗಳು ಬದುಕಿದ್ದವು, ಬೆಳಕಿನಲ್ಲಿ ಸತ್ತವು. ಆ ವಸ್ತುವೊಂದರಿಂದಲೇ ಅಥವಾ ಬೆಳಕೊಂದರಿಂದಲೇ ಆಗದ ಕೆಲಸ ಎರಡೂ ಕೂಡಿದಾಗ ಆಗುತ್ತದೆಂಬುದು 1900ರಲ್ಲಿ ಪ್ರಕಟವಾಯಿತು. ಬೆಳಕನ್ನು ಹೀರಿದ ವಸ್ತುವು ಪಕ್ಕದಲ್ಲಿರುವ ಆಮ್ಲಜನಕವನ್ನು ಉಗ್ರರೂಪಕ್ಕೆ ತರುತ್ತದೆ. ಆ ಆಮ್ಲಜನಕವು ಜೀವಕೋಶವನ್ನು ನಾಶಮಾಡುತ್ತದೆ. ಈ ತತ್ತ್ವವನ್ನು ಅನುಸರಿಸಿದ ಔಷಧವೊಂದಕ್ಕೆ 1993ರಲ್ಲಿ ಕೆನಡಾ ದೇಶವು ಮೂತ್ರಕೋಶದ ಕ್ಯಾನ್ಸರಿಗಾಗಿ ಮೊದಲ ಅನುಮತಿಯನ್ನು ನೀಡಿತು.

ಇಲ್ಲಿ ಸ್ವಾರಸ್ಯವಾದ ಸಂಗತಿಯೊಂದಿದೆ. ನೇರಳಾತೀತ ಕಿರಣಗಳು ನೇರವಾಗಿ ಕ್ಷಯದ ರೋಗಾಣುವನ್ನು ಕೊಲ್ಲುತ್ತವೆಂದು ಬಹುಕಾಲ ನಂಬಲಾಗಿತ್ತು. ಡೆನ್ಮಾರ್ಕಿನ ಸಂಶೋಧಕರು ಹಳೆಯ ಫಿನ್ಸೆನ್ ದೀಪಗಳನ್ನೇ ಪರೀಕ್ಷಿಸಿ 2005ರಲ್ಲಿ ಬೇರೆಯೇ ವಿವರಣೆಯನ್ನು ಕೊಟ್ಟರು. ಆ ದೀಪಗಳ ಮಸೂರಗಳೂ ಶೋಧಕಗಳೂ ತೀರ ಚಿಕ್ಕ ಅಲೆಯುದ್ದದ ನೇರಳಾತೀತ ಕಿರಣಗಳನ್ನು ಹೊರಬಿಡುತ್ತಲೇ ಇರಲಿಲ್ಲ. ಕ್ಷಯದ ರೋಗಾಣುವಿನೊಳಗೆ ಪಾರ್ಫಿರಿನ್ ಎಂಬ ವಸ್ತುವಿದೆ. ಅದು ನೇರಳೆ ಬೆಳಕನ್ನು ಹೀರಿ ಉಗ್ರ ಆಮ್ಲಜನಕವನ್ನು ಹುಟ್ಟಿಸಿ, ತನ್ನನ್ನು ಹೊತ್ತ ರೋಗಾಣುವನ್ನೇ ಕೊಂದಿರಬೇಕೆಂದು ಅವರು ನಿರ್ಣಯಿಸಿದರು. ಎಂದರೆ ರಾಬ್ ಹೊರಗಿನಿಂದ ಬೆರೆಸಿದಂಥ ಮದ್ದು ಇಲ್ಲಿ ರೋಗಾಣುವಿನೊಳಗೇ ಇದ್ದಿತು. ಫಿನ್ಸೆನ್ನನ ಬೆಳಕು ಅದನ್ನು ಎಬ್ಬಿಸಿತು. ಆತನಿಗೆ ಪೂರ್ಣ ಕಾರಣ ತಿಳಿಯದಿದ್ದರೂ ಮಾಡಿದ ಕೆಲಸ ಸುಳ್ಳಾಗಲಿಲ್ಲ.

ಇಂದಿನ ವಿಜ್ಞಾನಿಗಳು ಇದೇ ಕೆಲಸವನ್ನು ಉದ್ದೇಶಪೂರ್ವಕವಾಗಿ ಮಾಡಬಯಸುತ್ತಾರೆ. ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲಿಗೆ ನ್ಯಾನೊಮೀಟರ್ ಎಂದು ಹೆಸರು. ಹತ್ತರಿಂದ ಕೆಲವು ನೂರು ನ್ಯಾನೊಮೀಟರ್ ಗಾತ್ರದ ಕಣಗಳಿಗೆ ಮದ್ದನ್ನು ಹೊರಿಸಿ ರಕ್ತದಲ್ಲಿ ಬಿಡಬಹುದು. ಕೆಲವು ಕಣಗಳು ಚಿನ್ನದವು. ಅವು ಬೆಳಕನ್ನು ಹೀರಿ ಕಾದು, ಮದ್ದನ್ನು ಹಿಡಿದಿರುವ ಹೊದಿಕೆಯನ್ನು ಸಡಿಲಿಸುತ್ತವೆ. ಕೆಲವು ಸಿಲಿಕದವು, ಅವುಗಳ ರಂಧ್ರಗಳಿಗೆ ಬಾಗಿಲಂತಿರುವ ಅಣುಗಳು ಬೆಳಕು ತಾಗಿದಾಗ ಆಕಾರವನ್ನು ಬದಲಿಸಿ ಮದ್ದನ್ನು ಹೊರಬಿಡುತ್ತವೆ. ಇನ್ನು ಕೆಲವು ಕೊಬ್ಬಿನ ತೆಳುಪೊರೆಯ ಗುಳ್ಳೆಗಳು. ಇಂಥ ಗುಳ್ಳೆಗಳ ರೂಪದಲ್ಲಿ ಸಿದ್ಧಪಡಿಸಿದ ವರ್ಟಿಪಾರ್ಫಿನ್ ಎಂಬ ಔಷಧಕ್ಕೆ ಕಣ್ಣಿನ ರೋಗವೊಂದಕ್ಕಾಗಿ 2000ದಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದನ್ನು ತೋಳಿನ ರಕ್ತನಾಳಕ್ಕೆ ಕೊಟ್ಟು ಸ್ವಲ್ಪ ಹೊತ್ತಿನ ನಂತರ ಕಣ್ಣಿನ ರೋಗವಿರುವ ಚುಕ್ಕೆಯ ಮೇಲೆ ಕೆಂಪು ಲೇಸರ್ ಬೆಳಕನ್ನು ಬೀಳಿಸುತ್ತಾರೆ. ಮದ್ದು ದೇಹವನ್ನೆಲ್ಲ ಸುತ್ತಿದರೂ ಕೆಲಸ ಮಾಡುವುದು ಆ ಚುಕ್ಕೆಯಲ್ಲಿ. ಉಳಿದ ಬಗೆಯ ಕಣಗಳಲ್ಲಿ ಬಹುಪಾಲು ಇನ್ನೂ ಪ್ರಯೋಗದ ಹಂತದಲ್ಲಿವೆ.

ಈ ವಿಜ್ಞಾನಿಗಳನ್ನು ಕಾಡುವ ತೊಡಕುಗಳು ಯಾವುವು? ಫಿನ್ಸೆನ್ನನನ್ನು ಕಾಡಿದವೇ. ರಕ್ತವು ನೀಲಿ ಬೆಳಕನ್ನು ಇಂದಿಗೂ ತಡೆಯುತ್ತದೆ. ಅದಕ್ಕಾಗಿ ದೇಹದೊಳಗೆ ಹೆಚ್ಚು ಆಳಕ್ಕೆ ಇಳಿಯುವ ಕೆಂಪು ಹಾಗೂ ಅವಕೆಂಪು ಕಿರಣಗಳಿಗೆ ಸ್ಪಂದಿಸುವ ಕಣಗಳನ್ನು ಹುಡುಕುತ್ತಾರೆ. ಕಾವು ಮಿತಿಮೀರಿದರೆ ಆರೋಗ್ಯವಾದ ಭಾಗ ಸುಡುತ್ತದೆ, ಅದನ್ನು ಅಳೆಯಬೇಕು. ಅವಕೆಂಪು ಬೆಳಕು ಕೂಡ ಒಂದೆರಡು ಸೆಂಟಿಮೀಟರಿನಾಚೆ ಬಹಳ ಕ್ಷೀಣಿಸುವುದರಿಂದ ಒಳಗಿನ ಅಂಗಗಳಿಗೆ ತೆಳ್ಳನೆಯ ಗಾಜಿನ ಎಳೆಗಳ ಮೂಲಕ ಅದನ್ನು ಒಯ್ಯಬೇಕು. ಯಾವ ಕಿರಣ, ಎಷ್ಟು ಹೊತ್ತು, ಯಾವ ಜಾಗ ಎಂಬ ಮೂರು ಪ್ರಶ್ನೆಗಳನ್ನು ವೈದ್ಯಶಾಸ್ತ್ರದ ಮುಂದಿರಿಸಿದವನು ಸ್ಫಟಿಕದ ಬಿಲ್ಲೆಯನ್ನು ಚರ್ಮಕ್ಕೆ ಒತ್ತಿ ಹಿಡಿಸಿದ ಆ ವೈದ್ಯನೇ.

ಫಿನ್ಸೆನ್ನನಿಗೆ ದೀರ್ಘಾಯುಷ್ಯವಿರಲಿಲ್ಲ, ದೇಹಬಲವಿರಲಿಲ್ಲ, ಶಾಲೆಯಲ್ಲಿ ಕೀರ್ತಿಯೂ ಇರಲಿಲ್ಲ. ಬೆಳಕು ಅವನ ರೋಗವನ್ನು ವಾಸಿಮಾಡಲಿಲ್ಲ. ಆದರೆ ಹುದ್ದೆಯನ್ನು ತೊರೆದ ಮೇಲೆ ಉಳಿದಿದ್ದ ಹನ್ನೊಂದು ವರ್ಷಗಳನ್ನು ಅವನು ಒಂದೇ ಪ್ರಶ್ನೆಗೆ ಮೀಸಲಿಟ್ಟನು. ಜಗತ್ತು ಕಂಡು ಮುಖ ತಿರುಗಿಸುತ್ತಿದ್ದವರ ಮುಖವನ್ನು ಆತನು ಹತ್ತಿರದಿಂದ ನೋಡಿದನು; ರೂಪಾಯಿಯಗಲದ ಒಂದೊಂದೇ ಜಾಗವನ್ನು ಗುಣಪಡಿಸುತ್ತ ಅವರನ್ನು ಮರಳಿ ಬೀದಿಯ ಬೆಳಕಿಗೆ ತಂದನು. ಆತನ ಹೆಸರು ಉಳಿದಿರುವುದು ಈ ಕೆಲಸದಿಂದ.